ಗಿರಣಿಗಳ ಕಣಿವೆ: ಡರ್ವೆಂಟ್ ನದಿ ಹೇಳುವ ಪಾಠ

ಶಾಲೆಯಿಂದ ಪ್ರವಾಸ ಹೊರಡೋಣ ಎಂದ ಕೂಡಲೇ ಮಕ್ಕಳ ಬಾಯಲ್ಲಿ ಬರುವ ಹೆಸರುಗಳು ಗೋಳಗುಮ್ಮಟ, ಹಂಪಿ, ಬಾದಾಮಿ, ಶ್ರೀರಂಗಪಟ್ಟಣ. ಕೋಟೆ, ಅರಮನೆ, ಗುಡಿ, ಮಸೀದಿ, ಗೋರಿ ಇವೇ ಇತಿಹಾಸ ಎಂದು ನಾವೂ ಕಲಿತೆವು, ಮಕ್ಕಳಿಗೂ ಹಾಗೆಯೇ ಕಲಿಸುತ್ತಿದ್ದೇವೆ. ಹಳೆಯ ನೂಲಿನ ಗಿರಣಿಯೊಂದನ್ನು ನೋಡಲು ಜನ ದೂರದೂರದಿಂದ ಹೋಗುತ್ತಾರೆ ಎಂದರೆ ತರಗತಿಯಲ್ಲಿ ಮಕ್ಕಳು ನಗುತ್ತಾರೆ. ಆದರೆ ಇಂಗ್ಲೆಂಡಿನ ಡರ್ಬಿಶೈರ್ ಎಂಬ ಜಿಲ್ಲೆಯಲ್ಲಿ ಅಂಥ ಗಿರಣಿಗಳ ಒಂದು ಕಣಿವೆಯೇ ಇದೆ. ಅದರ ಹೆಸರು ಡರ್ವೆಂಟ್ ಕಣಿವೆ. ಮ್ಯಾಟ್ಲಾಕ್ ಬಾತ್ ಎಂಬ ಊರಿನಿಂದ ಡರ್ಬಿ ಪಟ್ಟಣದವರೆಗೆ ಸುಮಾರು 24 ಕಿಲೋಮೀಟರ್ ಉದ್ದಕ್ಕೂ ನದಿಯ ದಂಡೆಯಲ್ಲಿ ಗಿರಣಿಗಳು, ಒಡ್ಡುಗಳು, ಕಾಲುವೆಗಳು ಮತ್ತು ಕಾರ್ಮಿಕರ ಮನೆಗಳು ಉಳಿದುಕೊಂಡಿವೆ. ಯುನೆಸ್ಕೋ 2001ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ತಾಜಮಹಲಿಗೆ, ಹಂಪಿಗೆ ಸಿಕ್ಕಿರುವ ಗೌರವವೇ ಈ ಗಿರಣಿಗಳಿಗೂ ಸಿಕ್ಕಿದೆ.

ಇದು ಏಕೆ? ಈ ಗಿರಣಿಗಳಿಗೂ ನಮಗೂ ಏನು ಸಂಬಂಧ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ರೇಷ್ಮೆಯಿಂದ ಆರಂಭ

ಕಣಿವೆಯ ಕಥೆ ಅದರ ಕೆಳತುದಿಯ ಡರ್ಬಿಯಲ್ಲಿ ಶುರುವಾಗುತ್ತದೆ. ರೇಷ್ಮೆ ದಾರವನ್ನು ಯಂತ್ರದಿಂದ ಹುರಿ ಮಾಡುವ ವಿದ್ಯೆ ಆಗ ಇಟಲಿಯವರ ಕೈಯಲ್ಲಿತ್ತು. ಜಾನ್ ಲೋಂಬ್ ಎಂಬಾತ ಅಲ್ಲಿಗೆ ಹೋಗಿ ಆ ಯಂತ್ರದ ಗುಟ್ಟನ್ನು ತಿಳಿದು ಬಂದ. ಅವನ ಅಣ್ಣ ಥಾಮಸ್ ಲೋಂಬ್ ಹಣ ಹಾಕಿದ. 1721ರ ಹೊತ್ತಿಗೆ ಡರ್ವೆಂಟ್ ನದಿಯ ನೀರಿನಿಂದ ತಿರುಗುವ ದೊಡ್ಡ ರೇಷ್ಮೆ ಗಿರಣಿ ಎದ್ದು ನಿಂತಿತು.

ಸೋಜಿಗವೆಂದರೆ, ಈ ಗಿರಣಿ ಕಟ್ಟಿದ ದಿನಗಳಿಂದಲೇ ಪ್ರೇಕ್ಷಣೀಯ ಸ್ಥಳವೂ ಆಗಿಬಿಟ್ಟಿತು. 'ರಾಬಿನ್ಸನ್ ಕ್ರೂಸೊ' ಬರೆದ ಡೇನಿಯಲ್ ಡಿಫೋ ತನ್ನ ಪ್ರವಾಸ ಕಥನದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. 1777ರಲ್ಲಿ ಲೇಖಕ ಜೇಮ್ಸ್ ಬಾಸ್ವೆಲ್ ಇದನ್ನು ನೋಡಿ ಹೋದ. ಕಣಿವೆಯ ಮೇಲ್ತುದಿಯ ಮ್ಯಾಟ್ಲಾಕ್ ಬಾತಿನಲ್ಲಿ 1698ರಿಂದಲೇ ಬೆಚ್ಚನೆಯ ಬುಗ್ಗೆಗಳ ಸ್ನಾನಕ್ಕೆ ಜನ ಬರುತ್ತಿದ್ದರು. 1849ರಲ್ಲಿ ರೈಲು ಬಂದ ಮೇಲೆ ಅಲ್ಲಿ ಜನಜಂಗುಳಿಯೇ ಆಯಿತು. ಹೀಗೆ ದುಡಿಯುವವರು ಮತ್ತು ನೋಡಲು ಬರುವವರು ಇಬ್ಬರೂ ಒಂದೇ ನದಿಯ ದಂಡೆಯಲ್ಲಿ ಮೊದಲಿನಿಂದಲೂ ಇದ್ದರು.

ಕ್ಷೌರಿಕನ ಗಿರಣಿ

ಕಣಿವೆಗೆ ಜಗತ್ತಿನ ಇತಿಹಾಸದಲ್ಲಿ ಸ್ಥಾನ ತಂದುಕೊಟ್ಟವನು ರಿಚರ್ಡ್ ಆರ್ಕ್‌ರೈಟ್. ಈತ 1732ರಲ್ಲಿ ಪ್ರೆಸ್ಟನ್ ಎಂಬ ಊರಿನಲ್ಲಿ ಬಡ ದರ್ಜಿಯೊಬ್ಬನ ಮಗನಾಗಿ ಹುಟ್ಟಿದ. ಶಾಲೆಗೆ ಕಳಿಸುವ ಶಕ್ತಿ ತಂದೆಗೆ ಇರಲಿಲ್ಲ. ಹುಡುಗ ಕ್ಷೌರದ ಕೆಲಸ ಕಲಿತ. ಮುಂದೆ ಊರೂರು ತಿರುಗಿ ಕೂದಲು ಕೊಂಡು, ಶ್ರೀಮಂತರಿಗೆ ಕೃತಕ ಕೂದಲಿನ ಟೋಪಿಗಳನ್ನು ಮಾಡಿ ಮಾರಿದ.

ನೂಲುವ ಯಂತ್ರಕ್ಕೆ ಅವನು 1769ರಲ್ಲಿ ಪೇಟೆಂಟ್ ಪಡೆದ. ರಾಟೆಯ ಮುಂದೆ ಕುಳಿತ ಅಜ್ಜಿ ಹೆಬ್ಬೆರಳು, ತೋರುಬೆರಳಿನ ನಡುವೆ ಅರಳೆಯನ್ನು ಹಿಡಿದು ಮೆಲ್ಲಗೆ ಎಳೆಯುವುದನ್ನು ಕಂಡವರಿಗೆ ಈ ಯಂತ್ರ ಸುಲಭವಾಗಿ ಅರ್ಥವಾಗುತ್ತದೆ. ಬೆರಳುಗಳ ಬದಲಿಗೆ ಇಲ್ಲಿ ಜೋಡಿ ಜೋಡಿ ಉರುಳೆಗಳು. ಮೊದಲ ಜೋಡಿ ನಿಧಾನವಾಗಿ ತಿರುಗಿದರೆ ಮುಂದಿನ ಜೋಡಿ ಅದಕ್ಕಿಂತ ವೇಗವಾಗಿ ತಿರುಗುತ್ತದೆ. ನಡುವೆ ಸಿಕ್ಕ ಅರಳೆ ಎಳೆಯಾಗಿ ಸಣ್ಣಗಾಗುತ್ತದೆ. ಕೊನೆಯಲ್ಲಿ ಕದಿರು ಅದಕ್ಕೆ ಹುರಿ ಕೊಡುತ್ತದೆ. ಇದರ ಮೂಲ ಕಲ್ಪನೆ ಬೇರೆಯವರದು ಎಂಬ ವಾದ ನ್ಯಾಯಾಲಯದವರೆಗೂ ಹೋಗಿ, 1785ರಲ್ಲಿ ಅವನ ಪೇಟೆಂಟ್ ರದ್ದಾಯಿತು ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಆದರೆ ಯಂತ್ರ, ನೀರು, ಕಟ್ಟಡ, ಕೆಲಸಗಾರರು, ಗಡಿಯಾರ ಇವೆಲ್ಲವನ್ನೂ ಒಂದೇ ಕಡೆ ಸೇರಿಸಿ ಕಾರ್ಖಾನೆ ಎಂಬ ವ್ಯವಸ್ಥೆಯನ್ನು ಗಟ್ಟಿಯಾಗಿ ನಿಲ್ಲಿಸಿದ ಹಿರಿಮೆ ಅವನದೇ.

1771ರಲ್ಲಿ ಅವನು ಕ್ರಾಮ್‌ಫರ್ಡ್ ಎಂಬ ಹಳ್ಳಿಯನ್ನು ಆರಿಸಿಕೊಂಡ. ಅಲ್ಲಿನ ಸೀಸದ ಗಣಿಗಳಿಂದ ಹರಿದು ಬರುವ ನೀರು ತುಸು ಬೆಚ್ಚಗಿದ್ದುದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಚಕ್ರ ವರ್ಷವಿಡೀ ತಿರುಗಬಹುದಿತ್ತು. ಗಣಿ ಕಾರ್ಮಿಕರ ಹೆಂಡಿರು ಮಕ್ಕಳು ಕೆಲಸಕ್ಕೆ ಸಿಗುತ್ತಿದ್ದರು. ಗಿರಣಿ ಹಗಲು ರಾತ್ರಿ ಎರಡು ಪಾಳಿಯಲ್ಲಿ ನಡೆಯಿತು. ರಾತ್ರಿಯಲ್ಲಿ ಸಾಲು ಸಾಲು ಕಿಟಕಿಗಳು ಬೆಳಗುವ ದೃಶ್ಯವನ್ನು ಡರ್ಬಿಯ ಚಿತ್ರಕಾರ ಜೋಸೆಫ್ ರೈಟ್ ಬೆಳದಿಂಗಳ ಚಿತ್ರವೊಂದರಲ್ಲಿ ಬಿಡಿಸಿಟ್ಟಿದ್ದಾನೆ. 1776ರಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಮೂರಂತಸ್ತಿನ ಮನೆಗಳ ಬೀದಿ ಇಂದಿಗೂ ಇದೆ. ಗಂಡ ಮೇಲಂತಸ್ತಿನಲ್ಲಿ ಮಗ್ಗ ನೇಯುತ್ತಿದ್ದರೆ ಹೆಂಡತಿ ಮಕ್ಕಳು ಗಿರಣಿಗೆ ಹೋಗುತ್ತಿದ್ದರು.

1783ರಲ್ಲಿ ಮ್ಯಾಸನ್ ಗಿರಣಿ ಬಂತು. ಆರ್ಕ್‌ರೈಟನ ಪಾಲುದಾರ ಜೆಡಿಡಿಯಾ ಸ್ಟ್ರಟ್ ಬೆಲ್ಪರ್ ಮತ್ತು ಮಿಲ್ಫರ್ಡ್ ಊರುಗಳಲ್ಲಿ ಗಿರಣಿಗಳನ್ನು ಕಟ್ಟಿದ. ಬೆಲ್ಪರಿನ ಒಂದು ಗಿರಣಿ 1803ರಲ್ಲಿ ಸುಟ್ಟುಹೋದಾಗ ಅವನ ಮಗ ವಿಲಿಯಂ, ಮರದ ತೊಲೆಗಳ ಬದಲು ಕಬ್ಬಿಣದ ಕಂಬ ಮತ್ತು ಇಟ್ಟಿಗೆಯ ಕಮಾನುಗಳನ್ನು ಬಳಸಿ 1804ರಲ್ಲಿ ಅದನ್ನು ಮತ್ತೆ ಎತ್ತಿದ. ಇಂದಿನ ಗಗನಚುಂಬಿ ಕಟ್ಟಡಗಳ ಪೂರ್ವಜರಲ್ಲಿ ಇದೂ ಒಂದು. ಇದೇ ಬೆಲ್ಪರಿನಲ್ಲಿ ಕೆಲಸ ಕಲಿತ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಯುವಕ, ಯಂತ್ರದ ನಕ್ಷೆ ಹೊರಗೆ ಒಯ್ಯಬಾರದೆಂಬ ಕಾನೂನಿದ್ದುದರಿಂದ ಎಲ್ಲವನ್ನೂ ತಲೆಯಲ್ಲೇ ತುಂಬಿಕೊಂಡು 1789ರಲ್ಲಿ ಅಮೆರಿಕಕ್ಕೆ ಹೊರಟುಹೋದ. ಅಲ್ಲಿ ಅವನನ್ನು ಕೈಗಾರಿಕೆಯ ಪಿತಾಮಹ ಎಂದು ಕೊಂಡಾಡಿದರೆ ಬೆಲ್ಪರಿನವರು ದ್ರೋಹಿ ಎಂದರು.

ಹಾಸು ಯಾರದು, ಹೊಕ್ಕು ಯಾರದು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಮನೆಮನೆಯಲ್ಲಿ ಭಾರತದ ಹತ್ತಿಬಟ್ಟೆ ತುಂಬಿಹೋಗಿತ್ತು. ಕಲ್ಲಿಕೋಟೆಯಿಂದ ಬಂದದ್ದು ಅವರ ಬಾಯಲ್ಲಿ 'ಕ್ಯಾಲಿಕೋ' ಆಯಿತು. ನಮ್ಮ ಛೀಂಟ್ ಬಟ್ಟೆ 'ಚಿಂಟ್ಜ್' ಆಯಿತು. ಢಾಕಾದ ಮಲ್‌ಮಲ್ ಮೊಘಲರ ಜನಾನಾದಿಂದ ಯುರೋಪಿನ ರಾಣಿಯರವರೆಗೆ ಹೆಸರಾಗಿತ್ತು. ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಬೀದಿಗಿಳಿದರು. ಇದರ ಫಲವಾಗಿ 1700 ಮತ್ತು 1721ರಲ್ಲಿ ಪಾರ್ಲಿಮೆಂಟು ಕಾನೂನುಗಳನ್ನು ಮಾಡಿ ಭಾರತದ ಅಚ್ಚಿನ ಬಟ್ಟೆಗೆ, ನಂತರ ಬಹುಪಾಲು ಎಲ್ಲ ಅಚ್ಚಿನ ಹತ್ತಿಬಟ್ಟೆಗೆ ತಡೆ ಹಾಕಿತು. ಡರ್ಬಿಯ ರೇಷ್ಮೆ ಗಿರಣಿ ಸಿದ್ಧವಾದದ್ದೂ ಅದೇ 1721ರಲ್ಲಿ.

ಬೇಡಿಕೆ ಮಾತ್ರ ಸಾಯಲಿಲ್ಲ. ಆದರೆ ಇಂಗ್ಲಿಷರ ಕೈನೂಲು ಹಾಸಿಗೆ ಬೇಕಾದಷ್ಟು ಗಟ್ಟಿಯಾಗಿರಲಿಲ್ಲ. ಆದ್ದರಿಂದ ಅವರು ಹಾಸಿಗೆ ನಾರಿನ ದಾರ, ಹೊಕ್ಕಿಗೆ ಮಾತ್ರ ಹತ್ತಿಯ ದಾರ ಬಳಸುತ್ತಿದ್ದರು. ನಮ್ಮ ನೂಲುವವರ ಬೆರಳಿಗೆ ಒಲಿದಿದ್ದ ಆ ಗಟ್ಟಿತನವನ್ನು ಕ್ರಾಮ್‌ಫರ್ಡಿನ ಯಂತ್ರ ಸಾಧಿಸಿತು. ಶುದ್ಧ ಹತ್ತಿಯ ಬಟ್ಟೆ ಈಗ ಇಂಗ್ಲೆಂಡಿನಲ್ಲೇ ತಯಾರಾಗತೊಡಗಿತು. ಆರ್ಕ್‌ರೈಟ್ ಮತ್ತು ಅವನ ಪಾಲುದಾರರ ಮನವಿಯ ಮೇಲೆ 1774ರಲ್ಲಿ ಪಾರ್ಲಿಮೆಂಟು ಬ್ರಿಟನ್ನಿನಲ್ಲೇ ತಯಾರಾದ ಅಂಥ ಬಟ್ಟೆಗೆ ತಡೆ ತೆಗೆಯಿತು. ಬಾಗಿಲು ತೆರೆದದ್ದು ಅವರ ಬಟ್ಟೆಗೆ, ನಮ್ಮದಕ್ಕಲ್ಲ. ಮುಂದಿನ ಶತಮಾನದಲ್ಲಿ ಅವರ ಗಿರಣಿಯ ನೂಲು, ಬಟ್ಟೆ ಹಡಗು ಹಡಗಾಗಿ ನಮ್ಮ ದೇಶಕ್ಕೆ ಬಂದಾಗ ಢಾಕಾದ ಮಗ್ಗಗಳ ಸದ್ದು ಅಡಗುತ್ತ ಹೋಯಿತು.

ಆ ಗಿರಣಿಗಳಿಗೆ ಹತ್ತಿ ಬಂದದ್ದು ಬಹುಮಟ್ಟಿಗೆ ವೆಸ್ಟ್ ಇಂಡೀಸ್, ಬ್ರೆಜಿಲ್ ಮತ್ತು ಅಮೆರಿಕದಿಂದ. ಅದನ್ನು ಬೆಳೆದವರು ಗುಲಾಮರು. ಅಮೆರಿಕದ ಹತ್ತಿಯನ್ನೇ ನಂಬಿ ಕೂರಬಾರದೆಂದು ಕಂಪನಿ ಸರಕಾರ 1840ರ ದಶಕದಲ್ಲಿ ನಮ್ಮ ಧಾರವಾಡ ಸೀಮೆಯ ಕಪ್ಪುಮಣ್ಣಿನಲ್ಲಿ ಅಮೆರಿಕದ ತಳಿಯನ್ನು ಬಿತ್ತಿಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಧಾರವಾಡದ ಅರಳೆಗೆ ಬಂಗಾರದ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಅರಳೆ ಸಾಗಿಸಿದವು. ಹೀಗೆ ಇಂಗ್ಲೆಂಡಿನ ಗಿರಣಿಗಳ ಕಥೆಯಲ್ಲಿ ನಮ್ಮ ಹೊಲಗಳೂ ಹಾಸುಹೊಕ್ಕಾಗಿವೆ.

ಮಕ್ಕಳ ಬೆರಳುಗಳು

ಈ ಕಣಿವೆಯ ವೈಭವದ ಹಿಂದೆ ಕಣ್ಣೀರೂ ಇದೆ. ಗಿರಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ದಿನಕ್ಕೆ ಹನ್ನೆರಡು, ಹದಿಮೂರು ಗಂಟೆ ಕೆಲಸ. ಡರ್ವೆಂಟಿಗೆ ಸೇರುವ ವೈ ಎಂಬ ಉಪನದಿಯ ದಂಡೆಯ ಲಿಟನ್ ಗಿರಣಿಯಲ್ಲಿ ರಾಬರ್ಟ್ ಬ್ಲಿಂಕೋ ಎಂಬ ಅನಾಥ ಬಾಲಕ ಪಟ್ಟ ಪಾಡು 1828ರಲ್ಲಿ ಪತ್ರಿಕೆಯೊಂದರಲ್ಲಿ, 1832ರಲ್ಲಿ ಪುಸ್ತಕವಾಗಿ ಪ್ರಕಟವಾಗಿ ಜನರ ಮನಸ್ಸನ್ನು ಕಲಕಿತು. 1833ರ ಕಾರ್ಖಾನೆ ಕಾನೂನು ನೂಲಿನ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿತು. ಹದಿಮೂರರೊಳಗಿನವರಿಗೆ ದಿನಕ್ಕೆ ಎರಡು ಗಂಟೆ ಪಾಠ ಕಡ್ಡಾಯ ಮಾಡಿತು. ಕಾನೂನು ಜಾರಿಯಾಗಿದೆಯೇ ಎಂದು ನೋಡಲು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಬೆಳೆಯುವ ಮಗುವಿನ ದಿನದಲ್ಲಿ ಪಾಠಕ್ಕೆ ಎರಡು ಗಂಟೆ ಗಳಿಸಲು ಇಷ್ಟು ಹೋರಾಟ ಬೇಕಾಯಿತು! ಪರೀಕ್ಷೆ ಮುಗಿಯುವ ಮೊದಲೇ ಗ್ಯಾರೇಜಿಗೋ ಬೀಡಿ ಕಟ್ಟಲಿಕ್ಕೋ ಹೊರಟುಹೋಗುವ ಮಕ್ಕಳ ಖಾಲಿ ಜಾಗ ನೋಡುವ ಶಿಕ್ಷಕರಿಗೆ ಈ ಮಾತು ದೂರದ ಇತಿಹಾಸವಾಗಿ ಕಾಣುವುದಿಲ್ಲ.

ಇನ್ನೊಂದು ಸಂಗತಿ. ಶಾಲೆಯ ಮೆಟ್ಟಿಲು ಹತ್ತದ ಆರ್ಕ್‌ರೈಟ್ ದೊಡ್ಡ ಶ್ರೀಮಂತನಾದ. 1786ರಲ್ಲಿ 'ಸರ್' ಪದವಿ ಪಡೆದ. ಆದರೂ ಐವತ್ತು ದಾಟಿದ ಮೇಲೆ ತನ್ನ ನಿದ್ದೆಯಿಂದ ಎರಡು ಗಂಟೆ ಕಡಿತ ಮಾಡಿ, ಒಂದು ಗಂಟೆ ವ್ಯಾಕರಣಕ್ಕೂ ಇನ್ನೊಂದು ಗಂಟೆ ಕಾಗುಣಿತ, ಬರವಣಿಗೆಗೂ ಕೊಟ್ಟನಂತೆ. ಸಂಪತ್ತು ತುಂಬಲಾರದ ಜಾಗವೊಂದು ಅವನಿಗೆ ಗೊತ್ತಿತ್ತು. ಇಲ್ಮ್ ಇಲ್ಲದ ಹುನರ್ ಅರ್ಧವೇ ಎಂದು ಅವನ ಬಾಳು ಹೇಳುತ್ತದೆ.

ಪಾಳುಬಿದ್ದು ಎದ್ದ ಗಿರಣಿ

ಮತ್ತೊಂದು ಗಣಿ ಕಾಲುವೆ ತೋಡಿದ್ದರಿಂದ ಕ್ರಾಮ್‌ಫರ್ಡಿನ ನೀರು ಕಡಿಮೆಯಾಗಿ, 1840ರ ದಶಕದಲ್ಲಿ ಅಲ್ಲಿ ಹತ್ತಿ ನೂಲುವುದು ನಿಂತಿತು. ಮುಂದೆ ಆ ಕಟ್ಟಡಗಳಲ್ಲಿ ಬಣ್ಣದ ಕಾರ್ಖಾನೆ ನಡೆದು, ಗೋಡೆ ನೆಲವೆಲ್ಲ ಸೀಸದ ವಿಷದಿಂದ ತುಂಬಿಹೋದವು. 1971ರಲ್ಲಿ ಗಿರಣಿಯ ಇನ್ನೂರನೆಯ ವರ್ಷದ ನೆನಪಿಗಾಗಿ ಸೇರಿದ ಜನ ಆರ್ಕ್‌ರೈಟ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡರು. 1979ರಲ್ಲಿ ಸಂಘವೇ ಗಿರಣಿಯನ್ನು ಕೊಂಡುಕೊಂಡು ವರ್ಷಗಟ್ಟಲೆ ವಿಷ ತೊಳೆದು ದುರಸ್ತಿ ಮಾಡಿತು. ಇದು ಸರಕಾರ ಮಾಡಿದ ಕೆಲಸವಲ್ಲ, ನಮ್ಮದರಂತೆ ಒಂದು ಸಂಘ ಮಾಡಿದ ಕೆಲಸ ಎಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕು. ಇಂದು ಅಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಕರು ಗಿರಣಿ ತೋರಿಸುತ್ತಾರೆ. 1794ರ ಕ್ರಾಮ್‌ಫರ್ಡ್ ಕಾಲುವೆಯ ದಂಡೆಯಲ್ಲಿ ಜನ ನಡೆದಾಡುತ್ತಾರೆ. ಡರ್ಬಿಯ ರೇಷ್ಮೆ ಗಿರಣಿಯ ಜಾಗದಲ್ಲಿ 2021ರಲ್ಲಿ ವಸ್ತು ತಯಾರಿಕೆಯ ಮ್ಯೂಸಿಯಂ ತೆರೆಯಿತು. ಕೈಕೆಲಸವನ್ನೇ ಗೌರವಿಸುವ ಮ್ಯೂಸಿಯಂ ಅದು.

ನಮ್ಮ ಘಟಪ್ರಭೆ

ಇಂಗ್ಲೆಂಡಿಗೆ ಹೋಗುವುದು ನಮ್ಮಲ್ಲಿ ಬಹಳ ಜನರಿಗೆ ದೂರದ ಮಾತು. ಆದರೆ ಬೆಳಗಾವಿ ಜಿಲ್ಲೆಯ ಗೋಕಾಕ ದೂರವಲ್ಲ. ಅಲ್ಲಿ ಘಟಪ್ರಭಾ ನದಿ 52 ಮೀಟರ್ ಎತ್ತರದಿಂದ ಧುಮ್ಮಿಕ್ಕುತ್ತದೆ. ಆ ನೀರಿನ ಬಲವನ್ನೇ ನಂಬಿ 1887ರಲ್ಲಿ ಅಲ್ಲಿ ನೂಲಿನ ಗಿರಣಿ ಆರಂಭವಾಯಿತು. ಮಳೆಗಾಲದಲ್ಲಿ ಸಾವಿರಾರು ಜನ ಜಲಪಾತ ನೋಡಿ, ತೂಗುಸೇತುವೆಯ ಬಳಿ ಫೋಟೋ ತೆಗೆಸಿಕೊಂಡು, ಮೆಕ್ಕೆತೆನೆ ತಿಂದು, ಗೋಕಾಕದ ಕರದಂಟು ಕಟ್ಟಿಸಿಕೊಂಡು ಮರಳುತ್ತಾರೆ. ಗಿರಣಿಯ ಕಡೆ ತಿರುಗಿ ನೋಡುವವರು ಎಷ್ಟು ಮಂದಿ?

ಆರ್ಕ್‌ರೈಟ್ 1775ರಲ್ಲಿ ಪಡೆದ ಎರಡನೆಯ ಪೇಟೆಂಟು ಅರಳೆ ಹಿಂಜುವ ಯಂತ್ರವನ್ನೂ ಒಳಗೊಂಡಿತ್ತು. ನಮ್ಮಲ್ಲಿ ತಲೆತಲಾಂತರದಿಂದ ಆ ಕೆಲಸ ಮಾಡಿದವರು ಪಿಂಜಾರರು, ನದಾಫರು. ಹೆಗಲ ಮೇಲೆ ಬಿಲ್ಲು ಹೊತ್ತು ಮನೆಮನೆಗೆ ಬಂದು ಗಾದಿಯ ಅರಳೆ ಹಿಂಜುತ್ತಿದ್ದ ಅವರ ತಂತಿಯ ನಾದ ಕೇಳಿ ಬೆಳೆದವರು ಈ ಪತ್ರಿಕೆಯ ಓದುಗರಲ್ಲೇ ಎಷ್ಟೋ ಜನ ಇದ್ದಾರೆ. ನದಾಫ ಎಂಬ ಅಡ್ಡಹೆಸರಿನ ಮಕ್ಕಳು ನಮ್ಮ ಹಾಜರಿ ಪುಸ್ತಕಗಳಲ್ಲೂ ಇದ್ದಾರೆ. ಆ ಹೆಸರಿನ ಅರ್ಥ ಕೇಳಿದರೆ ಕೆಲವರು ಹೇಳಲು ನಾಚುತ್ತಾರೆ.

ವಿದ್ಯಾರ್ಥಿಗಳೇ, ನಾಚಬೇಕಾದ ಕಾರಣವಿಲ್ಲ. ಜಗತ್ತಿನ ಮೊದಲ ಕಾರ್ಖಾನೆಗಳು ಹುಟ್ಟಿದ್ದು ನಿಮ್ಮ ಅಜ್ಜಂದಿರ ಕೈಕೆಲಸವನ್ನು ಸರಿಗಟ್ಟಲು. ಮುಂದಿನ ಪ್ರವಾಸದಲ್ಲಿ ಗೋಕಾಕಕ್ಕೆ ಹೋದರೆ ಜಲಪಾತದ ಜೊತೆಗೆ ಗಿರಣಿಯನ್ನೂ ನೋಡಿ. ಅದರ ಸೈರನ್ನಿಗೆ ಎದ್ದು ದುಡಿದ ಹಿರಿಯರು ಸಿಕ್ಕರೆ ಸಲಾಂ ಹೇಳಿ, ಅವರ ಮಾತನ್ನು ವಹಿಯಲ್ಲಿ ಬರೆದುಕೊಳ್ಳಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಬಿಲ್ಲೊಂದು ಇದ್ದರೆ ಅದನ್ನು ಒಲೆಗೆ ಹಾಕಬೇಡಿ. ಧೂಳು ಒರೆಸಿ ಶಾಲೆಗೆ ತನ್ನಿ. ಮ್ಯೂಸಿಯಂ ಎಂಬುದು ಅಷ್ಟರಿಂದಲೇ ಆರಂಭವಾಗುತ್ತದೆ.