ಒತ್ತುವ ಕೈ ಎಲ್ಲಿ ಹೋಯಿತು?

ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಬಗ್ಗಿ ಕೂತು ಕತ್ತು ಹಿಡಿದುಕೊಂಡವರಿಗೆ ಬೆಂಗಳೂರಿನ ಬೊಮ್ಮನಹಳ್ಳಿಯ ತಮಿಳು ಮನೆಗಳಲ್ಲಿ 'ಒತ್ತಡಂ' ಕೊಡುತ್ತಾರೆ. ಗಾಬರಿ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನೋವಿದ್ದ ಕಡೆ ಒತ್ತುವುದಕ್ಕೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ನಾವು ಶಾಖ ಕೊಡುವುದು ಅಂತೀವಲ್ಲ, ಅದೇ. ಪಕ್ಕದ ತೆಲುಗರ 'ಒತ್ತಿಡಿ' ಮಾತ್ರ ನಮ್ಮ 'ಒತ್ತಡ'ದ ಜೊತೆಗೇ ನಿಂತಿದೆ. ಬೇರು ಒಂದೇ ಇರುವ ಮಾತು ಒಂದು ಮನೆಯಲ್ಲಿ ಮದ್ದು, ಇನ್ನೆರಡು ಮನೆಗಳಲ್ಲಿ ಕಾಯಿಲೆ.

ಮೂಲ ಧಾತು 'ಒತ್ತು'. ತಮಿಳಿನ 'ಪುಱ್ಱು' ನಮ್ಮಲ್ಲಿ ಹುತ್ತ, 'ಸುಱ್ಱು' ಸುತ್ತು. ಅದೇ ಜಾಡಿನಲ್ಲಿ 'ಒಱ್ಱು' ನಮಗೆ ಒತ್ತು. ಅದುಮು, ಹಿಸುಕು ಎಂಬುದು ಅರ್ಥ. ಶಾವಿಗೆ ಒತ್ತುತ್ತೇವೆ, ಮುದ್ರೆ ಒತ್ತುತ್ತೇವೆ, ಹಿರಿಯರ ಕಾಲು ಒತ್ತುತ್ತೇವೆ. ಅಕ್ಷರದ ಕೆಳಗೆ ಇನ್ನೊಂದು ಬಂದು ಕೂತರೆ ಒತ್ತಕ್ಷರ. ಬೇಡವೆಂದರೂ ಬಿಡದಿದ್ದರೆ ಒತ್ತಾಯ. ಬೇಗೂರು ಕಡೆ ಹೋದರೆ ಕಂದಾಯ ಇಲಾಖೆಯವರ ಬಾಯಲ್ಲಿ ಸದಾ ಇರುವ ಮಾತು ಒತ್ತುವರಿ: ಪಕ್ಕದವನ ಬೇಲಿಯನ್ನೋ ರಾಜಕಾಲುವೆಯನ್ನೋ ಒತ್ತಿಕೊಂಡು ಬರುವುದು. ವ್ಯಾಕರಣದ ಮಾತಲ್ಲಿ ಇದು ಸಕರ್ಮಕ ಧಾತು. ಒತ್ತಿಸಿಕೊಳ್ಳುವ ವಸ್ತುವೊಂದಿರಬೇಕು, ಒತ್ತುವ ಕೈಯೊಂದಿರಬೇಕು. ಒತ್ತುವರಿ ಮಾಡಿದವನಿಗೆ ನೋಟಿಸ್ ಕೊಡಬಹುದು. ಒತ್ತಾಯ ಮಾಡಿದವರ ಹೆಸರು ಹೇಳಬಹುದು.

'ಒತ್ತಡ'ದಲ್ಲಿ ಮಾತ್ರ ಆ ಕೈ ಮರೆಯಾಗಿದೆ. ವಿಜ್ಞಾನದ ಪುಸ್ತಕದಲ್ಲಿ ಈ ಪದ ಗಾಳಿಗೂ ನೀರಿಗೂ ಅಂಟಿಕೊಂಡಿತು, ಅಲ್ಲಿಂದ ರಕ್ತದೊತ್ತಡವಾಗಿ ದೇಹದೊಳಗೆ ಇಳಿಯಿತು. 1896ರಲ್ಲಿ ಇಟಲಿಯ ವೈದ್ಯ ರಿವಾ ರೊಚ್ಚಿ ತೋಳಿಗೆ ಸುತ್ತುವ ಪಟ್ಟಿಯನ್ನು ಪಾದರಸದ ಕೊಳವೆಗೆ ಜೋಡಿಸಿದ. ಒಳಗಿನ ಒತ್ತಡ ಕಣ್ಣಿಗೆ ಕಾಣಲು ಹೊರಗಿನಿಂದ ಒತ್ತಲೇಬೇಕು ಎಂಬುದು ಆ ಉಪಕರಣದ ಸೊಗಸು. ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಆರಂಭಿಸಿದ ಸಂಶೋಧನೆಯ ಮೂಲಕ, ಲೋಹ ಮತ್ತು ತೊಲೆಗಳ ಲೆಕ್ಕದಲ್ಲಿದ್ದ 'ಸ್ಟ್ರೆಸ್' ಮನುಷ್ಯನ ಮೈಗೂ ಹೊಂದಿತು. ಕನ್ನಡದಲ್ಲಿ ಅದಕ್ಕೂ ಒತ್ತಡವೇ ಸಾಕಾಯಿತು, ಮುಂದೆ 'ಮಾನಸಿಕ' ಸೇರಿಸಿ. ಈಗ ಈ ಮಾನಸಿಕ ಒತ್ತಡವನ್ನು ಯಾರೂ ಹಾಕುವುದಿಲ್ಲ. ಅದು ತಾನಾಗಿ 'ಆಗುತ್ತದೆ', ಜ್ವರ ಬಂದ ಹಾಗೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಈ ಪದವನ್ನು ಅಷ್ಟಾಗಿ ಬಳಸುವುದಿಲ್ಲ. ಅವರದು ಟಾರ್ಗೆಟ್, ಟೆನ್ಷನ್, ಪ್ರೊಡಕ್ಷನ್ ಟಾರ್ಚರ್. ಎರವಲು ಮಾತಾದರೂ ಟಾರ್ಗೆಟ್‌ನಲ್ಲಿ ಕೊಟ್ಟವರು ಯಾರೆಂಬುದು ಗುಟ್ಟಲ್ಲ. ಬ್ಯಾಚಿನ, ಅಂದರೆ ಮೆಷಿನ್ ಸಾಲಿನ, ತುದಿಯಲ್ಲೊಂದು ಬೋರ್ಡ್ ಇರುತ್ತದೆ. ಗಂಟೆಗೆ ಎಷ್ಟು ಪೀಸ್ ಆಗಬೇಕು, ಎಷ್ಟು ಆಯಿತು, ಎಷ್ಟು ಬಾಕಿ ಎಂದು ಗಂಟೆಗಂಟೆಗೂ ಬರೆಯುತ್ತಾರೆ. ಬಾಕಿ ಬೆಳೆದಂತೆ ಸೂಪರ್‌ವೈಸರ್ ದನಿ ಏರುತ್ತದೆ. ಟಾಯ್ಲೆಟ್ಟಿಗೆ ಎದ್ದರೆ ಪೀಸ್ ಕಮ್ಮಿಯಾಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಒತ್ತಡದ ಅರಿವು ಮೂಡಿಸಲು ವಿನ್ಯಾಸಕಾರರು ವಸ್ತುಗಳನ್ನು ಮಾಡುತ್ತಾರಂತೆ. ನನ್ನ ಕೇಳಿದರೆ ಕೆಲಸದ ಒತ್ತಡವನ್ನು ಕಣ್ಣಿಗೆ ಕಾಣಿಸುವ ವಸ್ತು ಯಾವುದೋ ಡಿಸೈನ್ ಶಾಲೆಯಲ್ಲಿ ಹುಟ್ಟಬೇಕಾಗಿಲ್ಲ, ಆ ಬೋರ್ಡೇ ಇದೆ. ದೋಷ ಇಷ್ಟೇ: ಅದು ಪೀಸ್ ಲೆಕ್ಕ ತೋರಿಸುತ್ತದೆ, ಪೀಸ್ ಹೊಲಿದ ಬೆನ್ನಿನ ಲೆಕ್ಕ ತೋರಿಸುವುದಿಲ್ಲ.

ಹೊಸೂರು ರಸ್ತೆಯಲ್ಲಿ 2010ರಲ್ಲಿ ತೆರೆದ ಮೇಲ್ಸೇತುವೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರ ಮೇಜಿನ ಮೇಲೆ ಬೇರೆಯದೇ ವಸ್ತು ಸಿಗುತ್ತದೆ, ಹಿಸುಕುವ ಸ್ಪಂಜಿನ ಚೆಂಡು. ಕಂಪನಿ ಕೊಟ್ಟ ಒತ್ತಡಕ್ಕೆ ಕಂಪನಿಯೇ ಕೊಟ್ಟ ಚೆಂಡು! ಅಲ್ಲಿ ಒತ್ತುವ ಕೈಯೂ ಒತ್ತಿಸಿಕೊಂಡವನದೇ.

ಆ ಕೈ ಮತ್ತೆ ಕಣ್ಣಿಗೆ ಬಿದ್ದದ್ದೂ ಇದೇ ಹೊಸೂರು ರಸ್ತೆಯಲ್ಲಿ. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಕಾರ್ಖಾನೆ ಬಿಟ್ಟು ಬೀದಿಗೆ ಬಂದರು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರ ಸಿಟ್ಟಿಗೆ ಕಾರಣ. 19ರಂದೇ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಪತ್ರಿಕೆಯ ಕನ್ನಡದಲ್ಲಿ ಇದಕ್ಕೆ 'ಒತ್ತಡಕ್ಕೆ ಮಣಿಯುವುದು' ಎನ್ನುತ್ತಾರೆ. ಆ ಎರಡು ದಿನ ಒತ್ತಿದವರು ಯಾರು, ಮಣಿದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಒತ್ತಡದ ಅರಿವು ಮೂಡಿಸುವ ವಸ್ತು ಮಾಡಬೇಕೆಂದಿರುವ ವಿನ್ಯಾಸಕಾರರು ಬಣ್ಣದ ಚೆಂಡು, ಮಿನುಗುವ ದೀಪ ಬಿಟ್ಟು ಆ ಬೋರ್ಡಿಗೇ ಇನ್ನೆರಡು ಕಾಲಂ ಸೇರಿಸಲಿ: ಈ ಗಂಟೆಯ ಟಾರ್ಗೆಟ್ ಏರಿಸಿದವರು ಯಾರು, ಈ ಗಂಟೆಯಲ್ಲಿ ನೀರು ಕುಡಿಯಲು ಎದ್ದವರು ಎಷ್ಟು ಜನ.