ಯೋಗಶಾಲೆಗೆ ಬಂದ ಉಪಕರಣಗಳು

ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ವಿಶ್ರಾಂತಿ ಎರಡನ್ನೂ ಬಯಸಿ ಯೋಗ ತರಗತಿಗೆ ಸೇರುವವರನ್ನು ನೀವು ನೋಡಿದ್ದೀರಿ, ನೀವೇ ಸೇರಿರಲೂಬಹುದು. ಯೋಗದ ಪರಂಪರೆ ಬಹಳ ಹಳೆಯದು. ಆದರೆ ನಿಗದಿತ ವೇಳೆಗೆ ಹತ್ತಾರು ಮಂದಿ ಸೇರಿ, ಶಿಕ್ಷಕರ ಸೂಚನೆಯಂತೆ ಆಸನ ಹಾಕುವ ತರಗತಿ ಬಹುಮಟ್ಟಿಗೆ 20ನೆಯ ಶತಮಾನದ ಏರ್ಪಾಡು. ಅದು ರೂಪುಗೊಳ್ಳುತ್ತಿದ್ದ ಕಾಲದಲ್ಲೇ ಅಳತೆಯ ಉಪಕರಣಗಳೂ ಯೋಗಶಾಲೆಯ ಬಾಗಿಲು ದಾಟಿದವು. ಅವು ತೋರಿಸಿದ್ದನ್ನು ತಿಳಿದರೆ, ತರಗತಿಯಲ್ಲಿ ಕೇಳಿಬರುವ ಯಾವ ಮಾತನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಸುಲಭ.

ಲೋನಾವಳ ಮತ್ತು ಮೈಸೂರು

1924ರಲ್ಲಿ ಸ್ವಾಮಿ ಕುವಲಯಾನಂದರು ಮಹಾರಾಷ್ಟ್ರದ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, 'ಯೋಗ ಮೀಮಾಂಸಾ' ಪತ್ರಿಕೆಯನ್ನು ಆರಂಭಿಸಿದರು. ಹೊಟ್ಟೆಯ ಸ್ನಾಯುಗಳನ್ನು ಪ್ರತ್ಯೇಕಿಸಿ ಚಲಿಸುವ ನೌಲಿ ಕ್ರಿಯೆಯಲ್ಲಿ ದೊಡ್ಡ ಕರುಳಿನ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ ಎಂಬುದನ್ನು ಅವರು ಮ್ಯಾನೊಮೀಟರಿನಿಂದ ಅಳೆದು ತೋರಿಸಿದರು. ಕರುಳಿನೊಳಗೆ ನೀರು ಏರುವುದಕ್ಕೆ ಈ ಒತ್ತಡದ ವ್ಯತ್ಯಾಸವೇ ಸಾಕಷ್ಟು ಕಾರಣವಾಗಿತ್ತು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಕೆ. ಪಟ್ಟಾಭಿ ಜೋಯಿಸ್ ಮುಂದೆ ಈ ಕಲಿಕೆಯನ್ನು ವಿದೇಶಗಳಿಗೂ ಒಯ್ದರು.

ಹೃದಯ ನಿಂತಿತೆ?

1935ರಲ್ಲಿ ಫ್ರಾನ್ಸಿನ ಹೃದ್ರೋಗತಜ್ಞೆ ತೆರೇಸ್ ಬ್ರಾಸ್ ಇ.ಸಿ.ಜಿ. ಉಪಕರಣದೊಂದಿಗೆ ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಆಕೆ ಪ್ರಕಟಿಸಿದ ಒಂದು ದಾಖಲೆಯಲ್ಲಿ ಇ.ಸಿ.ಜಿ. ಅಲೆಗಳು ಬಹುತೇಕ ಅಡಗಿದ್ದವು. ಯೋಗಿ ಇಚ್ಛಾಮಾತ್ರದಿಂದ ಹೃದಯ ನಿಲ್ಲಿಸಬಲ್ಲ ಎಂಬ ನಂಬಿಕೆಗೆ ಇದು ಬಲ ಕೊಟ್ಟಿತು.

ವೆಂಗರ್, ಬಾಗ್ಚಿ ಮತ್ತು ಬಿ.ಕೆ. ಆನಂದ್ ಇದನ್ನು ಮತ್ತೆ ಪರೀಕ್ಷಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯ ನಿಲ್ಲಿಸುವೆವೆಂದವರಲ್ಲಿ ಯಾರ ಹೃದಯವೂ ನಿಂತಿರಲಿಲ್ಲ. ಅವರು ಉಸಿರು ಬಿಗಿಹಿಡಿದು ಸ್ನಾಯುಗಳನ್ನು ಬಿಗಿಗೊಳಿಸುತ್ತಿದ್ದರು. ಆಗ ಎದೆಗೂಡಿನ ಒತ್ತಡ ಹೆಚ್ಚಿ, ಅಭಿಧಮನಿಗಳಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತಿತ್ತು. ಮಣಿಕಟ್ಟಿನ ನಾಡಿ ಸಿಗುತ್ತಿರಲಿಲ್ಲ, ಇ.ಸಿ.ಜಿ. ಮಾತ್ರ ಮುಂದುವರಿಯುತ್ತಿತ್ತು. ನಾಡಿ ಸಿಗದಿರುವುದು ಬೇರೆ, ಹೃದಯ ನಿಲ್ಲುವುದು ಬೇರೆ.

ಉಳಿದದ್ದೇನು?

ಪವಾಡ ಹೋಯಿತು, ಪ್ರಯೋಜನ ಹೋಗಲಿಲ್ಲ. ನಿಧಾನ ಉಸಿರಾಟವನ್ನೇ ತೆಗೆದುಕೊಳ್ಳಿ. ರಕ್ತದೊತ್ತಡದ ಏರಿಳಿತವನ್ನು ಗ್ರಹಿಸಿ ಹೃದಯಬಡಿತವನ್ನು ತಿದ್ದುವ ವ್ಯವಸ್ಥೆಯೊಂದು ನಮ್ಮ ದೇಹದಲ್ಲಿದೆ. ಅದರ ಸಹಜ ಆವೃತ್ತಿ ಸುಮಾರು 0.1 ಹರ್ಟ್ಸ್, ಅಂದರೆ 10 ಸೆಕೆಂಡಿಗೆ ಒಂದು ಆವರ್ತ. ನಿಮಿಷಕ್ಕೆ 6 ಬಾರಿ ಉಸಿರಾಡಿದರೆ ಉಸಿರಿನ ಲಯವೂ ಅದೇ ಆಗುತ್ತದೆ. ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ತಳ್ಳಿದಂತೆ ಇಲ್ಲಿಯೂ ಅನುರಣನೆ ಉಂಟಾಗುತ್ತದೆ. 2001ರಲ್ಲಿ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಲ್ಲಿ ಯೋಗಮಂತ್ರದ ಪಠಣವನ್ನೂ ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ಹೋಲಿಸಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಈ ನಿಯಂತ್ರಣ ವ್ಯವಸ್ಥೆಯ ಸಂವೇದನೆ ಹೆಚ್ಚಿತ್ತು.

ಪ್ರಾಣಾಯಾಮದಿಂದ ರಕ್ತಕ್ಕೆ ಬಹಳಷ್ಟು ಹೆಚ್ಚುವರಿ ಆಕ್ಸಿಜನ್ ಸೇರುತ್ತದೆ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಆರೋಗ್ಯವಂತರ ಅಪಧಮನಿಯ ಹೀಮೊಗ್ಲೋಬಿನ್ ಸಾಮಾನ್ಯ ಉಸಿರಾಟದಲ್ಲೇ 95ರಿಂದ 98ರಷ್ಟು ಶೇಕಡಾ ಆಕ್ಸಿಜನ್‌ನಿಂದ ತುಂಬಿರುತ್ತದೆ. ಹೆಚ್ಚು ಸೇರಲು ಅಲ್ಲಿ ಸ್ಥಳವೇ ಇಲ್ಲ.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಸರಳ ಪ್ರಯೋಗ ಮಾಡಿಸಬಹುದು. ಆರಾಮವಾಗಿ ಕುಳಿತು ಮಣಿಕಟ್ಟಿನ ನಾಡಿ ಹಿಡಿಯಲಿ. 5 ಸೆಕೆಂಡು ಉಸಿರು ಒಳಗೆಳೆದು, 5 ಸೆಕೆಂಡು ಹೊರಬಿಡಲಿ. ಉಸಿರು ಕಟ್ಟುವುದು ಬೇಡ. ಒಳಗೆಳೆಯುವಾಗ ನಾಡಿ ಚುರುಕಾಗುವುದನ್ನೂ ಹೊರಬಿಡುವಾಗ ನಿಧಾನವಾಗುವುದನ್ನೂ ಅನೇಕರು ಬೆರಳ ತುದಿಯಲ್ಲೇ ಗುರುತಿಸಬಲ್ಲರು. ಯೋಗ ತರಗತಿಗೆ ಹೋಗುವ ವಿದ್ಯಾರ್ಥಿ ಈ ಕುತೂಹಲವನ್ನೂ ಜೊತೆಗೆ ಒಯ್ಯಲಿ.