ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ: ಮನೋಚಿಕಿತ್ಸೆಯ ನೆಲೆಗಳು

ಭಾವಗಳ ತೀವ್ರವಾದ ಏರಿಳಿತ, ತನ್ನವರು ತನ್ನನ್ನು ತೊರೆದುಬಿಡುವರೆಂಬ ನಿರಂತರ ಭೀತಿ, ಆಪ್ತರನ್ನು ಈಗ ದೇವರೆಂದೂ ಮರುಗಳಿಗೆಯಲ್ಲಿ ವೈರಿಯೆಂದೂ ಕಾಣುವ ಚಂಚಲ ದೃಷ್ಟಿ, ತನ್ನ ದೇಹಕ್ಕೆ ತಾನೇ ಗಾಯಮಾಡಿಕೊಳ್ಳುವ ಆವೇಗ, ಇವುಗಳಿಂದ ಕೂಡಿದ ಈ ದೋಷಕ್ಕೆ ಮನೋಚಿಕಿತ್ಸೆಯೇ ಪ್ರಧಾನ ಉಪಾಯವೆಂಬುದನ್ನು ತಜ್ಞರು ಬಹುಮಟ್ಟಿಗೆ ಒಪ್ಪಿರುವರಾದರೂ, ಆ ಚಿಕಿತ್ಸೆ ಆಸ್ಪತ್ರೆಯ ಹಾಸಿಗೆಯಲ್ಲಿ ನಡೆಯತಕ್ಕದ್ದೋ, ಹಗಲಿನಲ್ಲಿ ಮಾತ್ರ ಇದ್ದು ಸಂಜೆ ಮನೆಗೆ ಮರಳುವ ಹಗಲು ಆಸ್ಪತ್ರೆಯಲ್ಲೋ, ವಾರಕ್ಕೊಮ್ಮೆ ಹೋಗಿಬರುವ ಚಿಕಿತ್ಸಕರ ಕೋಣೆಯಲ್ಲೋ ಎಂಬ ಚರ್ಚೆ ದಶಕಗಳಿಂದ ನಡೆದುಬಂದಿದೆ. ಷಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಇದು ಬರಿಯ ಪಂಡಿತರ ವಾದವಲ್ಲ. ಅಲ್ಲಿಯ ಲಿಂಡನ್ ಓಕ್ಸ್ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಈ ಮೂರು ಬಗೆಯ ವ್ಯವಸ್ಥೆಗಳೂ ಇವೆ. ಯಾವುದು ತಕ್ಕುದೆಂಬ ಪ್ರಶ್ನೆ ಮನೆಯ ಹೊಸ್ತಿಲಲ್ಲೇ ಬಂದು ನಿಲ್ಲುತ್ತದೆ.

ಈ ದೋಷದ ಅಧ್ಯಯನಕ್ಕೂ ಷಿಕಾಗೊಗೂ ಹಳೆಯ ನಂಟು. 1938ರಲ್ಲಿ ನ್ಯೂಯಾರ್ಕಿನ ಅಡಾಲ್ಫ್ ಸ್ಟರ್ನ್ ಈ ಬಗೆಯ ರೋಗಿಗಳನ್ನು ಪ್ರತ್ಯೇಕವಾಗಿ ವರ್ಣಿಸಿದ ಮೂವತ್ತು ವರ್ಷಗಳ ತರುವಾಯ, ಷಿಕಾಗೊದ ರಾಯ್ ಗ್ರಿಂಕರ್ ತಮ್ಮ ಸಂಗಡಿಗರೊಡನೆ, ಆಸ್ಪತ್ರೆಯಲ್ಲಿದ್ದ 51 ರೋಗಿಗಳ ನಡೆನುಡಿಗಳನ್ನು ಪರೀಕ್ಷಿಸಿ 1968ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆಗ ತಿಂಗಳುಗಟ್ಟಲೆ ಒಳರೋಗಿಯಾಗಿರುವುದು ಸಾಮಾನ್ಯವಾಗಿತ್ತು. ಆ ಪದ್ಧತಿಯನ್ನು ಅಲುಗಾಡಿಸಿದವರು ಸಿಯಾಟಲ್‌ನ ಮಾರ್ಷಾ ಲೈನ್‌ಹ್ಯಾನ್. ಹದಿಹರೆಯದಲ್ಲಿ ತಾವೇ ಮಾನಸಿಕ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲ ಇದ್ದುದನ್ನು ಅವರು ಲೋಕಕ್ಕೆ ತಿಳಿಸಿದ್ದು 2011ರಲ್ಲಿ. ವಾರಕ್ಕೊಮ್ಮೆ ಏಕಾಂತ ಭೇಟಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲಗಳ ಪಾಠ, ನಡುವೆ ಸಂಕಟ ಬಂದಾಗ ದೂರವಾಣಿಯ ಸಲಹೆ, ಇಷ್ಟನ್ನು ಒಂದು ವರ್ಷ ಹೊರರೋಗಿಗಳಿಗೆ ಒದಗಿಸಿದರೆ ಆತ್ಮಹಾನಿಯೂ ಆಸ್ಪತ್ರೆವಾಸವೂ ಕಡಿಮೆಯಾಗುವುವೆಂದು 1991ರ ಅವರ ಪ್ರಯೋಗ ತೋರಿಸಿತು. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಈ ವಿಧಾನದಲ್ಲಿ ರೋಗಿ ಪ್ರತಿರಾತ್ರಿ ಡೈರಿ ಕಾರ್ಡಿನಲ್ಲಿ ಅಂದಿನ ಆವೇಗಗಳಿಗೆ ಅಂಕ ಹಾಕುತ್ತಾನೆ. ಆವೇಗ ಉಕ್ಕಿದಾಗ ಮುಖವನ್ನು ತಣ್ಣೀರಿನಲ್ಲಿ ಅದ್ದಿ ದೇಹವನ್ನು ಶಾಂತಗೊಳಿಸಲು ಕಲಿಯುತ್ತಾನೆ.

ಹಗಲು ಆಸ್ಪತ್ರೆಯ ಪರವಾದ ಪ್ರಬಲ ಸಾಕ್ಷ್ಯ ಲಂಡನ್ನಿನದು. ಆಂಥನಿ ಬೇಟ್‌ಮನ್ ಮತ್ತು ಪೀಟರ್ ಫೊನಾಗಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತನ್ನ ಮತ್ತು ಪರರ ಮನಸ್ಸನ್ನು ಅರಿಯುವ ಸಾಮರ್ಥ್ಯವನ್ನು ಬೆಳೆಸುವ ಹದಿನೆಂಟು ತಿಂಗಳ ಚಿಕಿತ್ಸೆ ಸಾಮಾನ್ಯ ಉಪಚಾರವನ್ನು ಮೀರಿಸಿತು. ಆದರೆ 2009ರಲ್ಲಿ ಅವರೇ ಅದನ್ನು 134 ಮಂದಿಯ ಪ್ರಯೋಗದಲ್ಲಿ ಹೊರರೋಗಿಗಳಿಗೆ ಅಳವಡಿಸಿದಾಗಲೂ ಫಲ ಚೆನ್ನಾಗಿಯೇ ಬಂದಿತು. ಎರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದ್ದು ನೆದರ್ಲೆಂಡ್ಸಿನ 114 ರೋಗಿಗಳ ಪ್ರಯೋಗ. 2020ರಲ್ಲಿ ಪ್ರಕಟವಾದ ಅದರಲ್ಲಿ ಮುಖ್ಯ ಲಕ್ಷಣಗಳ ಉಪಶಮನದ ಮಟ್ಟಿಗೆ ತೀವ್ರ ಹೊರರೋಗಿ ಚಿಕಿತ್ಸೆ ಹಗಲು ಆಸ್ಪತ್ರೆಗಿಂತ ಹಿಂದೆ ಬೀಳಲಿಲ್ಲ. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಂತೂ, ದೀರ್ಘಕಾಲ ಒಳಗೇ ಇದ್ದವರಿಗಿಂತ ಕೆಲವು ತಿಂಗಳಿದ್ದು ಆಮೇಲೆ ಹೊರಗಿನಿಂದ ಚಿಕಿತ್ಸೆ ಮುಂದುವರಿಸಿದವರೇ ಹೆಚ್ಚು ಸುಧಾರಿಸಿದರು. ಸ್ಥಳಕ್ಕಿಂತ ಸಾತತ್ಯವೇ ನಿರ್ಣಾಯಕವೆಂದು ಇವುಗಳಿಂದ ಗ್ರಹಿಸುವುದು ಯುಕ್ತವೆಂದು ತೋರುತ್ತದೆ.

ಅಮೆರಿಕದಲ್ಲಿ ಒಳರೋಗಿ ವಿಭಾಗದ ಕೆಲಸ ಈಗ ಬಹುತೇಕ ಪ್ರಾಣರಕ್ಷಣೆಗೆ ಸೀಮಿತ. ವಾಸ ಕೆಲವೇ ದಿನಗಳದು, ಅದರಲ್ಲಿ ವಿಮಾ ಕಂಪನಿಯ ಮಾತೂ ನಡೆಯುತ್ತದೆ. ಅದರಿಂದಿಳಿದರೆ ಹಗಲು ಆಸ್ಪತ್ರೆ, ಆಮೇಲೆ ವಾರಕ್ಕೆ ಕನಿಷ್ಠ 9 ಗಂಟೆಗಳ ತೀವ್ರ ಹೊರರೋಗಿ ಕಾರ್ಯಕ್ರಮ. ನಮ್ಮವರಿಗೆ ಕಷ್ಟವಾಗುವುದು ಮೊದಲ ಮೆಟ್ಟಿಲೇ. ಬೂಟಿನ ಲಾಡಿ, ಫೋನಿನ ಚಾರ್ಜರ್ ಎಲ್ಲವನ್ನೂ ಬಾಗಿಲಲ್ಲೇ ತೆಗೆದಿಟ್ಟು ರೋಗಿಯನ್ನು ಒಳಗೆ ಕರೆದೊಯ್ದ ಮೇಲೆ, ಸಾರನ್ನದ ಡಬ್ಬಿ ಹಿಡಿದು ಬಂದ ತಾಯಿ ಭೇಟಿಯ ಹೊತ್ತಿಗಾಗಿ ಹೊರಗೆ ಕಾಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರೊಬ್ಬರು ರೋಗಿಯ ಜತೆಯಲ್ಲೇ ಉಳಿಯುವ ರೂಢಿಯನ್ನು ಕಂಡವರಿಗೆ ಇದು ನಿಷ್ಕರುಣೆಯಾಗಿ ಕಾಣುವುದು ಸಹಜ. ಇದಕ್ಕೆ ಬೇಸತ್ತು ರೋಗಿಯನ್ನು ಮನೆಗೆ ಕರೆತಂದು ಚಿಕಿತ್ಸೆಯನ್ನೇ ನಿಲ್ಲಿಸುವುದು ಮಾತ್ರ ಅಪಾಯಕರ. ಬಿಡುಗಡೆಗೆ ಮುಂಚೆಯೇ ಹೊರಗಿನ ಚಿಕಿತ್ಸಕರೊಡನೆ ಮೊದಲ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡು, ಆ ಚಿಕಿತ್ಸೆ ಎಷ್ಟು ತಿಂಗಳು ನಡೆಯುವುದೆಂದು ಕೇಳಿ ತಿಳಿಯುವುದು ಮನೆಯವರ ಕರ್ತವ್ಯ.

ಪ್ರಾಣಾಪಾಯದ ಸುಳಿವು ಕಂಡರೆ ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು; 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.